ಮೇಲಿನ ಸಾಲು, ಕೆಳಗಿನ ಸಾಲು

ಬದುಕಿರುವಾಗ ಮನುಷ್ಯನ ಜಾಗವನ್ನು ಯಾರು ಯಾರೋ ಗೊತ್ತು ಮಾಡುತ್ತಾರೆ. ಶಾಲೆಯಲ್ಲಿ ಮೇಷ್ಟ್ರು, ಕೆಲಸದಲ್ಲಿ ಮೇಲಧಿಕಾರಿ, ಬಸ್ಸಿನಲ್ಲಿ ಕಂಡಕ್ಟರು. ಸತ್ತ ಮೇಲೆ ಸಿಗುವ ಆರಡಿ ಮೂರಡಿಯನ್ನು ಮಾತ್ರ ಆ ಚರ್ಚಿನವರಿಗೆ ಒಬ್ಬನೇ ಒಬ್ಬ ಗೊತ್ತು ಮಾಡುತ್ತಿದ್ದ. ಚರ್ಚಿನ ಹಿಂದಿನ ಸಮಾಧಿ ತೋಟವನ್ನು ಇಪ್ಪತ್ತೆಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದ ಅವನನ್ನು ಎಲ್ಲರೂ ಜಾಗದಣ್ಣ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಗುಂಡಿ ತೋಡುವುದು, ಹಗ್ಗ ಬಿಟ್ಟು ಪೆಟ್ಟಿಗೆ ಇಳಿಸುವುದು, ಮಣ್ಣು ಮುಚ್ಚಿ ದಿಬ್ಬ ತಟ್ಟುವುದು, ನಂಬರು ಬರೆದ ಕಲ್ಲು ನೆಡುವುದು, ಎಲ್ಲ ಅವನೇ. ಕುಳ್ಳ ಆಸಾಮಿ, ಆದರೆ ಹೆಗಲು ಬಾಗಿಲಿನಷ್ಟು ಅಗಲ. ಸಾವಿನ ಮನೆಯವರ ಹತ್ತಿರ ಮೆತ್ತಗೆ ಮಾತಾಡುತ್ತಿದ್ದ, ಭಕ್ಷೀಸು ಅಂತ ಯಾರು ಏನು ಕೊಟ್ಟರೂ ಮುಟ್ಟುತ್ತಿರಲಿಲ್ಲ. ಇಷ್ಟು ಒಳ್ಳೆಯ ಮನುಷ್ಯನಿಗೆ ಏನು ರೋಗ ಅಂತ ಕೇಳಿದರೆ, ಅದೇ ರೋಗ. ತಾನು ಒಳ್ಳೆಯವನು ಅಂತ ಅವನಿಗೆ ಗೊತ್ತಿತ್ತು.

ತೋಟ ಇಳಿಜಾರಿನಲ್ಲಿತ್ತು. ಗೇಟಿನ ಕಡೆಯ ಮೇಲಿನ ಸಾಲುಗಳಲ್ಲಿ ಕೆಂಪು ಗರಸು ಮಣ್ಣು, ದೊಡ್ಡ ಮರದ ನೆರಳು, ಎಷ್ಟು ಮಳೆ ಬಂದರೂ ಬೇಗ ಒಣಗುವ ನೆಲ. ಕೆಳಗಿನ ಸಾಲುಗಳು ಹಿಂದಿನ ಗೋಡೆಗೆ ಅಂಟಿಕೊಂಡಿದ್ದವು. ಅಲ್ಲಿ ಕಪ್ಪು ಜೇಡಿ. ಗೋಡೆಯಾಚೆ ಬಟ್ಟೆ ಒಗೆಯುವ ಕಾರ್ಖಾನೆ ಇತ್ತು. ಅದರ ನೀರು ಗೋಡೆಯ ಬುಡದಲ್ಲಿ ಜಿನುಗಿ ಜಿನುಗಿ, ಮಳೆಗಾಲದಲ್ಲಿ ಎರಡಡಿ ತೋಡುವಷ್ಟರಲ್ಲಿ ಗುಂಡಿ ಬಾವಿಯಾಗುತ್ತಿತ್ತು. ಚರ್ಚಿನ ದಫ್ತರದ ಮೊದಲ ಪುಟದಲ್ಲಿ ಯಾರೋ ಹಿಂದಿನವರು ನಿಯಮ ಬರೆದಿಟ್ಟಿದ್ದರು. ಬಡವ ಬಲ್ಲಿದ ಎನ್ನದೆ ಬಂದವರನ್ನು ಬಂದ ಕ್ರಮದಲ್ಲಿ, ಗೇಟಿನಿಂದ ಗೋಡೆಯ ಕಡೆಗೆ ಮಲಗಿಸತಕ್ಕದ್ದು. ಆ ಪುಟವನ್ನು ಜಾಗದಣ್ಣ ಓದಿದ್ದ. ಕೆಲಸಕ್ಕೆ ಸೇರಿದ ಮೊದಲ ಆರು ವರ್ಷ ಹಾಗೇ ನಡೆದುಕೊಂಡಿದ್ದ.

ಏಳನೇ ವರ್ಷದಲ್ಲಿ ಒಬ್ಬ ಗುತ್ತಿಗೆದಾರ ಸತ್ತ. ಮುದಿ ತಾಯಿಯನ್ನು ಮನೆಯಿಂದ ಹೊರಗೆ ಹಾಕಿದ್ದವನು. ಆ ತಾಯಿ ಒಂದು ತಿಂಗಳ ಹಿಂದಷ್ಟೇ ಸತ್ತಿದ್ದಳು, ಕ್ರಮದ ಪ್ರಕಾರ ಮಗನ ಗುಂಡಿ ಸರಿಯಾಗಿ ಅವಳ ಪಕ್ಕಕ್ಕೇ ಬರುತ್ತಿತ್ತು. ಜಾಗದಣ್ಣನಿಗೆ ಸತ್ತ ಮೇಲಾದರೂ ಆಯಮ್ಮ ನೆಮ್ಮದಿಯಾಗಿರಲಿ ಅನ್ನಿಸಿತು. ನೆಲ ಪರೀಕ್ಷೆ ಮಾಡುವ ಕಬ್ಬಿಣದ ಸರಳನ್ನು ಅಲ್ಲೊಂದು ಕಲ್ಲಿಗೆ ಕುಟ್ಟಿ, "ಇಲ್ಲಿ ಬಂಡೆ ಇದೆ, ಆಗೋದಿಲ್ಲ" ಅಂದ. ಗುತ್ತಿಗೆದಾರ ಕೆಳಗಿನ ಜೇಡಿಗೆ ಹೋದ. ಯಾರೂ ಏನೂ ಕೇಳಲಿಲ್ಲ. ದುಃಖದಲ್ಲಿದ್ದವರಿಗೆ ಬಂಡೆಯೇನು, ಬೆಟ್ಟವೇನು?

ಅಲ್ಲಿಂದ ಶುರುವಾಯಿತು. ಒಂದು ಚಪ್ಪಡಿ ಕಲ್ಲನ್ನು ತಂದು ಎರಡು ಬೆರಳು ಮಣ್ಣಿನ ಕೆಳಗೆ ಹೂತಿಟ್ಟ. ಬೇಕಾದಾಗ ಬೇಕಾದಲ್ಲಿಗೆ ಅದು ಬದಲಾಗುತ್ತಿತ್ತು. ಸಾವಿನ ಮನೆಯವರು ಬಂದಾಗ ಅವರೆದುರೇ ಸರಳು ಇಳಿಸುತ್ತಿದ್ದ, ಠಣ್ ಅನ್ನುತ್ತಿತ್ತು, ಅವನು ಬೇಸರದಿಂದ ತಲೆಯಾಡಿಸುತ್ತಿದ್ದ. ಹೀಗೆ ಮೇಲಿನ ಸಾಲುಗಳಲ್ಲಿ ಒಳ್ಳೆಯವರಿಗಾಗಿ ಒಂಬತ್ತು ಜಾಗ ಉಳಿದುಕೊಂಡವು, ಕೆಳಗೆ ಹನ್ನೊಂದು ಮಂದಿ ಸೇರಿದರು. ಹೆಂಡತಿಗೆ ಹೊಡೆದವನು, ಸುಳ್ಳುಸಾಕ್ಷಿ ಹೇಳಿದವನು, ಸೊಸೆಗೆ ಎರಡು ಹೊತ್ತು ಊಟ ಹಾಕದವಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪಾದ್ರಿಗಳು ಸ್ವರ್ಗ ಸಿಗಲೆಂದು ಪ್ರಾರ್ಥನೆ ಮಾಡಿ ಮುಗಿಸುವಷ್ಟರಲ್ಲಿ ಗುಂಡಿ ತೋಡುವವನ ತೀರ್ಪು ಆಗಿಹೋಗಿರುತ್ತಿತ್ತು.

ಅದೊಂದು ಚಟವಾಯಿತು. ಭಾನುವಾರ ಆರಾಧನೆಗೆ ಬರುವವರನ್ನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಸಭೆಯ ಹಿರಿಯರೊಬ್ಬರು ಹೂ ಮಾರುವವಳಿಗೆ ಗದರಿದರೆ ಮನಸ್ಸಿನಲ್ಲೇ ಅವರನ್ನು ಎರಡು ಸಾಲು ಕೆಳಗಿಳಿಸುತ್ತಿದ್ದ. ಅದೇ ಹಿರಿಯರು ಕುಂಟನೊಬ್ಬನ ಕೈ ಹಿಡಿದು ಮೆಟ್ಟಿಲು ಹತ್ತಿಸಿದರೆ ಒಂದು ಸಾಲು ಮೇಲೆ. ಅವನ ಹೆಂಡತಿಗೆ ಈ ವಿಷಯ ಗೊತ್ತಿತ್ತು. ಮೊದಲು ಹೆದರಿದಳು, ಆಮೇಲೆ ನಗಲು ಕಲಿತಳು.

"ನನ್ನನ್ನ ಎಲ್ಲಿಡ್ತೀರಿ ಅಂತ ಈಗಲೇ ಹೇಳಿಬಿಡಿ. ಅಡುಗೆಗೆ ಉಪ್ಪು ಎಷ್ಟು ಹಾಕ್ಬೇಕು ಅಂತ ನೋಡ್ಕೋತೀನಿ."

"ತಮಾಷೆ ಅಲ್ಲ ಇದು" ಅನ್ನುತ್ತಿದ್ದ. ಅವನಿಗೆ ನಿಜವಾಗಿಯೂ ತಮಾಷೆಯಾಗಿರಲಿಲ್ಲ. ಲೋಕದಲ್ಲಿ ಕೆಟ್ಟವರಿಗೇ ಒಳ್ಳೆಯ ಮನೆ, ಒಳ್ಳೆಯ ಕುರ್ಚಿ. ಕಡೆಗೊಂದು ಕಡೆಯಾದರೂ ನ್ಯಾಯ ಇರಬೇಡವೇ? ದೇವರು ಇಷ್ಟೆಲ್ಲ ನೋಡಿಯೂ ಸುಮ್ಮನಿದ್ದಾನೆ ಅಂದರೆ, ಈ ಕೆಲಸಕ್ಕೆ ತನ್ನನ್ನೇ ಇಟ್ಟಿರಬೇಕು ಅಂತ ಅವನು ನಂಬಿದ್ದ.

ಅವನಿಗೆ ಒಬ್ಬಳೇ ತಂಗಿ. ಅವಳ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅಕ್ಷರ ಮುತ್ತಿನಂತೆ, ನಡತೆ ಮಾತ್ರ ಕೇಳಬೇಡಿ. ಕುಡಿದರೆ ಮೂರು ದಿನ ಮನೆ ಕಡೆ ತಲೆ ಹಾಕುತ್ತಿರಲಿಲ್ಲ, ಬಂದರೆ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಸಲ ತಂಗಿಯ ಮಣಿಕಟ್ಟು ಮುರಿದಿತ್ತು. ಬಚ್ಚಲಲ್ಲಿ ಬಿದ್ದೆ ಅಂದಳು. ಎದುರಿಗೆ ಸಿಕ್ಕಾಗ "ಏನು ಭಾವ" ಅಂತ ಹಲ್ಲು ಕಚ್ಚಿಕೊಂಡೇ ಮಾತಾಡಿಸುತ್ತಿದ್ದ ಜಾಗದಣ್ಣ, ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮಗುವಿನ ವಿಷಯವನ್ನು ನುಂಗಲಾಗಲಿಲ್ಲ. ತಂಗಿಗೆ ಹುಟ್ಟಿದ್ದ ಒಂದೇ ಕೂಸು ನಾಲ್ಕು ತಿಂಗಳಿಗೆ ಜ್ವರದಲ್ಲಿ ಹೋಯಿತು. ಎರಡೂವರೆ ಅಡಿಯ ಗುಂಡಿಯನ್ನು ಜಾಗದಣ್ಣನೇ ತೋಡಿದ್ದ, ಮೇಲಿನ ಸಾಲಿನಲ್ಲಿದ್ದ ತಮ್ಮ ಅಮ್ಮನ ಸಮಾಧಿಯ ಕಾಲ ಬಳಿ. ಆ ಪೆಟ್ಟಿಗೆ ಇಳಿಸಲು ಹಗ್ಗವೇ ಬೇಕಾಗಲಿಲ್ಲ, ಎರಡು ಕೈ ಸಾಕಾಯಿತು. ಮಗುವಿನ ಅಪ್ಪ ಬರಲಿಲ್ಲ. ಅವತ್ತೇ ಅವನ ಜಾಗ ಗೊತ್ತಾಯಿತು. ಗೋಡೆಯ ಪಕ್ಕ, ನೀರು ಅತಿ ಹೆಚ್ಚು ಜಿನುಗುವ ಮೂಲೆ.

ಆ ಜಾಗಕ್ಕೆ ಅವನು ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ಈ ವರ್ಷ ಮಳೆ ಶುರುವಾಗುವ ಮೊದಲು, ಏಣಿಯ ಮೇಲೆ ನಿಂತು ಬೋರ್ಡು ಬರೆಯುತ್ತಿದ್ದವನು ಎದೆ ಹಿಡಿದುಕೊಂಡು ಕೆಳಗೆ ಬಿದ್ದ. ತಂಗಿ ಗೇಟಿನ ಹತ್ತಿರ ಬಂದು ನಿಂತಳು.

"ಅಣ್ಣ, ಅಮ್ಮನ ಹತ್ರ ಜಾಗ ಇದೆಯಲ್ಲ. ಮಗೂನೂ ಅಲ್ಲೇ ಇದೆ."

ಜಾಗದಣ್ಣ ಸರಳು ಇಳಿಸಿದ. ಠಣ್. "ಬಂಡೆ, ಪುಟ್ಟಿ" ಅಂದ. ಅವಳು ಅವನ ಮುಖವನ್ನು ನೋಡಿದಳು, ಸರಳನ್ನು ನೋಡಿದಳು, "ಸರಿ" ಅಂದಳು. ಅವನು ಗೋಡೆಯ ಮೂಲೆಯಲ್ಲಿ ತೋಡಿದ. ಐದಡಿಗೇ ನೀರು ಬಂತು. ತೋಡುವಾಗ ಖುಷಿಯಾಗುತ್ತದೆ ಅಂದುಕೊಂಡಿದ್ದ. ಆಗಲಿಲ್ಲ, ಸೊಂಟ ನೋವಾಯಿತು ಅಷ್ಟೆ.

ಆ ಮೇಲೆ ಗೊಂದಲಗಳು ಒಂದೊಂದಾಗಿ ಬಂದವು. ಗೇಟಿನ ಎದುರಿಗೆ ಬ್ರೆಡ್ಡಿನ ಅಂಗಡಿ. ಅದರ ಬೋರ್ಡು ಬರೆದವನು ಭಾವನೇ. ಒಂದು ಬೆಳಿಗ್ಗೆ ಅಂಗಡಿಯವಳು ಬ್ರೆಡ್ಡು ಕಟ್ಟಿಕೊಡುತ್ತ ಸುಮ್ಮನೆ ಮಾತು ತೆಗೆದಳು.

"ಪಾಪ, ನಿಮ್ಮ ಭಾವ. ಮಗೂನ ಮಣ್ಣು ಮಾಡಿದ ದಿವಸ ಇಲ್ಲೇ ನಿಂತಿದ್ರು. ಈ ಕಂಬ ಹಿಡ್ಕೊಂಡು."

"ಇಲ್ಲೆಲ್ಲಿ?"

"ಇಲ್ಲೇ ಅಂತೀನಿ. ಒಳಗೆ ಹೋಗಿ ಅಂದೆ. ಕಾಲೇ ಬರ್ತಿಲ್ಲ ಅಂದ್ರು. ನೀವೆಲ್ಲ ಹೊರಗೆ ಬರೋವರೆಗೂ ಅಳ್ತಾ ಇದ್ರು."

"ಕುಡಿದಿದ್ನಾ?"

"ಕುಡಿದಿದ್ರು."

"ಕುಡಿದಿದ್ದಕ್ಕೆ ಅಳ್ತಿದ್ನಾ, ಅಳು ತಡೀಲಾರದೆ ಕುಡಿದಿದ್ನಾ?"

"ಅದು ನನಗೇನು ಗೊತ್ತು ಜಾಗದಣ್ಣ? ಅವರಿಗಾದ್ರೂ ಗೊತ್ತಿತ್ತೋ ಇಲ್ವೋ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಜಾಗದಣ್ಣ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ರಸ್ತೆ ದಾಟಿದ. ಹತ್ತೊಂಬತ್ತು ವರ್ಷ ಅವನು ಹೊತ್ತುಕೊಂಡು ತಿರುಗಿದ್ದ ಆ ದಿನದಲ್ಲಿ ಗೇಟಿನ ಆಚೆ ಇನ್ನೊಬ್ಬ ನಿಂತಿದ್ದ. ಹಾಗಾದರೆ ಮೇಲಿನ ಸಾಲೇ? ಮುರಿದ ಮಣಿಕಟ್ಟು? ಕೆಳಗಿನ ಸಾಲು. ಕಂಬ ಹಿಡಿದು ಅತ್ತದ್ದು? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಯಿತು ಅವನ ತಲೆ. ಅವತ್ತು ಇಡೀ ದಿನ ಒಂದು ಹುಲ್ಲುಕಡ್ಡಿಯನ್ನೂ ಕೀಳಲಿಲ್ಲ.

ಒಂದು ವಾರ ಕಳೆದಿರಲಿಲ್ಲ, ಇನ್ನೊಂದು. ಮರದ ಬುಡದಲ್ಲಿ, ಮೇಲಿನ ಸಾಲಿನ ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ ಒಬ್ಬ ಹಳೆಯ ಹೆಡ್ಮಾಸ್ಟರು ಮಲಗಿದ್ದರು. ಜಾಗದಣ್ಣನಿಗೆ ಕಾಗುಣಿತ ಕಲಿಸಿದವರು, ಒಬ್ಬರಿಗೂ ಜೋರಾಗಿ ಮಾತಾಡಿದವರಲ್ಲ. ಆ ದಿನ ಸುಮಾರು ನಲವತ್ತು ವರ್ಷದ ಹೆಂಗಸೊಬ್ಬಳು ಬಂದು ಆ ಸಮಾಧಿಯ ಮುಂದೆ ಬಹಳ ಹೊತ್ತು ನಿಂತಳು. ಹೂ ತಂದಿರಲಿಲ್ಲ. ಬೇರೆ ಯಾರೋ ಇಟ್ಟಿದ್ದ ಹೂವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು.

"ಏನಮ್ಮಾ ಇದು?" ಅಂತ ಜಾಗದಣ್ಣ ಓಡಿದ. "ಎಂಥಾ ದೊಡ್ಡ ಮನುಷ್ಯರು ಗೊತ್ತಾ ಅವರು?"

"ಈ ಜಾಗ ಕೊಟ್ಟೋರು ಯಾರು?"

"ನಾನೇ."

"ನೆರಳು ನೋಡಿ ಕೊಟ್ಟಿದ್ದೀರ, ಮನುಷ್ಯನನ್ನ ನೋಡಿ ಅಲ್ಲ" ಅಂದಳು ಅವಳು. ಬೈಗುಳ ಬಂದಿದ್ದರೆ ತಿರುಗಿ ಬೈಯಬಹುದಿತ್ತು. ಏನಾಯಿತು, ಯಾವಾಗ ಆಯಿತು, ಒಂದನ್ನೂ ಹೇಳದೆ ಅವಳು ಹೋದಳು. ಮತ್ತೆ ಬರಲೂ ಇಲ್ಲ. ಜಾಗದಣ್ಣ ಆ ಹೂವನ್ನು ಎತ್ತಿ ಸಮಾಧಿಯ ಮೇಲೆ ಇಟ್ಟ, ತೆಗೆದ, ಮತ್ತೆ ಇಟ್ಟ. ಕಡೆಗೆ ಅದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಹೆಂಡತಿ ತನಗೇ ತಂದದ್ದು ಅಂದುಕೊಂಡಳು.

ಆ ಭಾನುವಾರದ ಪ್ರಸಂಗದಲ್ಲಿ ಪಾದ್ರಿಗಳು ಇನ್ನೊಬ್ಬರ ಮೇಲೆ ತೀರ್ಪು ಮಾಡುವವರ ಬಗ್ಗೆ ಉಪದೇಶ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಜಾಗದಣ್ಣ ಹಿಂದಿನ ಬೆಂಚಿನಲ್ಲಿ ಬೆವರಿದ. ಎಲ್ಲರೂ ಹೋದ ಮೇಲೆ ಪಾದ್ರಿಗಳ ಕೋಣೆಗೆ ಹೋದ. ಪಾದ್ರಿಗಳು ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೇಜಿನ ಮೇಲೆ ಫ್ಯಾನಿನ ರೆಗ್ಯುಲೇಟರು ಬಿಚ್ಚಿಟ್ಟುಕೊಂಡು ಕೂತಿದ್ದರು.

"ಅಯ್ಯನವರೇ, ಒಬ್ಬ ಮನುಷ್ಯ ಒಳ್ಳೆಯವನಾ ಕೆಟ್ಟವನಾ ಅಂತ ಗೊತ್ತಾಗೋದು ಹೇಗೆ?"

"ಯಾರ ಮೇಲೆ ಕೋಪ ಜಾಗದಣ್ಣ?"

ಜಾಗದಣ್ಣ ಹೇಳಿದ. ಗುತ್ತಿಗೆದಾರನಿಂದ ಹಿಡಿದು ಚಪ್ಪಡಿಯವರೆಗೆ, ಒಂಬತ್ತು ಹನ್ನೊಂದು ಎಲ್ಲ. ಪಾದ್ರಿಗಳ ಕೈಯಲ್ಲಿದ್ದ ಸ್ಕ್ರೂ ಡ್ರೈವರು ನಿಂತುಹೋಯಿತು. ಅದನ್ನು ಮೇಜಿನ ಮೇಲಿಟ್ಟು ಮಾತಾಡಿದರು.

"ದೇವರು ಮಾಡಿದ ಆ ಮೊದಲನೇ ತೋಟದಲ್ಲಿ ಮೊದಲನೇ ಗಂಡ ಹೆಂಡತಿ ಬೇಡ ಅಂದ ಹಣ್ಣು ತಿಂದ್ರಲ್ಲ, ಅದು ಹೊಟ್ಟೆ ಹಸಿದು ತಿಂದದ್ದಲ್ಲ. ತೋಟದ ತುಂಬ ಬೇರೆ ಹಣ್ಣಿತ್ತು. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ತಾವೇ ಕೂತು ಹೇಳೋ ಕುರ್ಚಿ ಇದೆಯಲ್ಲ, ಅದರ ಮೇಲೆ ಆಸೆ ಬಿತ್ತು. ದೇವರ ಕುರ್ಚಿ. ಆಮೇಲೆ ಹುಟ್ಟಿದ ನಮಗೆಲ್ಲ ಅದೇ ಚಪಲ."

"ಹಾಗಾದ್ರೆ ಹೆಂಡತಿಗೆ ಹೊಡೆದವನಿಗೆ ಶಹಬ್ಬಾಸ್ ಅನ್ಬೇಕಾ?"

"ಯಾರು ಹಾಗಂದ್ರು? ಹೊಡೆಯೋ ಕೈ ಹಿಡೀಬೇಕು. ಅದು ನಮ್ಮ ಕೆಲಸಾನೇ. ನೀವು ಹಿಡಿದ್ರಾ?"

ಹಿಡಿದಿರಲಿಲ್ಲ. ಒಂದು ದಿನವೂ ಆ ಮನೆಗೆ ಹೋಗಿ ಭಾವನ ಕೈ ಹಿಡಿದಿರಲಿಲ್ಲ. ಬದುಕಿದ್ದವನನ್ನು ಬಿಟ್ಟು, ಸಾಯಲಿ ಅಂತ ಕಾದಿದ್ದ.

"ಆ ಮನುಷ್ಯ ಇಷ್ಟೇ ಅಂತ ಕಡೇ ಮುದ್ರೆ ಒತ್ತೋದು ಮಾತ್ರ ನಮ್ಮದಲ್ಲ" ಅಂದರು ಪಾದ್ರಿಗಳು. ಆಮೇಲೆ ದನಿ ಇಳಿಸಿದರು. "ನಾನೂ ಒತ್ತಿದ್ದೀನಿ. ಸತ್ತೋರು ಬೇಕಾದವರಾದ್ರೆ ಇಪ್ಪತ್ತು ನಿಮಿಷ ಪ್ರಸಂಗ, ಬೇಡದವರಾದ್ರೆ ಏಳು. ನಿಮ್ಮ ಭಾವನಿಗೆ ಐದೇ ನಿಮಿಷ ಮಾತಾಡಿದೆ."

ಸಮಾಧಾನ ಸಿಗುತ್ತದೆ ಅಂತ ಹೋದವನು ಇನ್ನಷ್ಟು ಕಲಸಿಹೋಗಿ ಹೊರಗೆ ಬಂದ. ಪಾದ್ರಿಗಳೂ ಹಾಗೇ ಅಂದರೆ ಯಾರನ್ನು ಕೇಳುವುದು? ತನ್ನ ಕೈಯಿಂದ ದೇವರು ಮಾಡಿಸಿದನೇ, ದೇವರ ಹೆಸರಿನಲ್ಲಿ ತಾನೇ ಮಾಡಿದನೇ? ಆ ಗುತ್ತಿಗೆದಾರನ ತಾಯಿಗೆ ಮಗ ಪಕ್ಕದಲ್ಲಿ ಬೇಕಿತ್ತೋ ಏನೋ, ತಾಯಿ ತಾನೇ? ಅವಳನ್ನು ಯಾರು ಕೇಳಿದ್ದರು? ಮಳೆ ಹನಿಯುತ್ತಿತ್ತು. ಕೆಳಗಿನ ಸಾಲಿಗೆ ಹೋಗಿ ಹನ್ನೊಂದು ದಿಬ್ಬಗಳ ನಡುವೆ ನಿಂತ. ಭಾವನ ದಿಬ್ಬವನ್ನು ಸೇರಿಸಿದರೆ ಹನ್ನೆರಡು. ಅವರಲ್ಲಿ ಯಾರು ಕೆಟ್ಟವರು ಅಂತ ಈಗ ಕೇಳಿದ್ದರೆ ಅವನು ಹೇಳಲಾರದವನಾಗಿದ್ದ. ಅಷ್ಟೂ ಜನ ಒದ್ದೆಯಲ್ಲಿದ್ದರು, ಅದೊಂದು ಮಾತ್ರ ಖಚಿತ.

ತಂಗಿ ಪ್ರತಿ ಶನಿವಾರ ಬರುತ್ತಿದ್ದಳು. ಮಂಡಿನೋವಿನವಳು. ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಇಳಿದು, ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಗಂಡನ ಪಕ್ಕ ಕೂರುತ್ತಿದ್ದಳು. ಆ ಶನಿವಾರ ಕೆಸರಿನಲ್ಲಿ ಅವಳ ಚಪ್ಪಲಿ ಹೂತುಹೋಯಿತು. ಜಾಗದಣ್ಣ ಅದನ್ನು ಕಿತ್ತು, ಹುಲ್ಲಿನಲ್ಲಿ ಒರೆಸಿ, ಅವಳ ಕಾಲ ಬಳಿ ಇಟ್ಟ.

"ಅಣ್ಣ, ಇವರ ಪಕ್ಕದ ಜಾಗ ನನಗೆ ಇಟ್ಟಿರು" ಅಂದಳು ಅವಳು.

"ಇಲ್ಲಿಯಾ? ಈ ಕೆಸರಲ್ಲಾ? ನಿನಗೆ ಮೇಲೆ ಅಮ್ಮನ ಹತ್ರ ಇಟ್ಟಿದ್ದೀನಿ ಪುಟ್ಟಿ. ಮಗು ಪಕ್ಕ."

"ಅಲ್ಲಿ ಬಂಡೆ ಅಂದೆಯಲ್ಲ?"

ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ ಕೊಡಬಹುದಿತ್ತು. ಬಂಡೆ ಒಡೆಸುತ್ತೇನೆ ಅನ್ನಬಹುದಿತ್ತು. ಅವನ ಬಾಯಿಗೆ ಅದೂ ಬಂತು. ಆದರೆ ಅವಳು ಕೂತಿದ್ದ ಆ ಚೀಲ, ಅದರ ಅಂಚಿನಲ್ಲಿ ಏರುತ್ತಿದ್ದ ಕಪ್ಪು ನೀರು ನೋಡಿ ಆಡಲಾಗಲಿಲ್ಲ.

"ಬಂಡೆ ಇಲ್ಲ."

"ಗೊತ್ತು."

"ಏನು?"

"ಇವರನ್ನ ಮಣ್ಣು ಮಾಡಿದ ಮುಂದಿನ ವಾರ ಅಮ್ಮನ ಹತ್ರ ಕಸ ಗುಡಿಸ್ತಿದ್ದೆ. ಮೇಲಿನ ಸಡಿಲ ಮಣ್ಣು ಸರಿದು ಪೊರಕೆಗೆ ಕಲ್ಲು ಸಿಕ್ತು. ಎತ್ತಿ ನೋಡಿದ್ರೆ ಊಟದ ತಟ್ಟೆಯಷ್ಟಗಲ. ಮತ್ತೆ ಅಲ್ಲೇ ಇಟ್ಟು ಮಣ್ಣು ಮುಚ್ಚಿದೆ."

"ಆಗಲೇ ಯಾಕೆ ಕೇಳ್ಲಿಲ್ಲ?"

"ಏನಂತ ಕೇಳ್ಲಿ? ನನ್ನ ಗಂಡನ ಮೇಲೆ ದಯೆ ಇಡಪ್ಪ ಅಂತ ನಿನಗೆ ಕೈ ಮುಗೀಬೇಕಿತ್ತಾ? ಕೈ ಮುಗಿಯೋಕೆ ಮೇಲೆ ಒಬ್ಬ ಇದ್ದಾನೆ, ನನಗೆ ಅಷ್ಟು ಸಾಕು. ನೀನ್ಯಾವ ದೊಣ್ಣೆನಾಯಕ?"

ತಂಗಿ ಅವನ ಎದುರು ದನಿ ಎತ್ತಿದ್ದು ಅದೇ ಮೊದಲು. ಜಾಗದಣ್ಣ ತೊದಲಿದ. "ನಿನಗೋಸ್ಕರ ಮಾಡಿದ್ದು. ಅವನು ನಿನಗೆ ಕೊಟ್ಟ ಕಷ್ಟ ಎಲ್ಲ ನನಗೆ ಗೊತ್ತು."

"ನಿನಗೆ ಅರ್ಧ ಗೊತ್ತು. ಸಿಟ್ಟು ಬಂದ ದಿನ ಮಾತ್ರ ನಾನು ನಿನ್ನ ಮನೆಗೆ ಬರ್ತಿದ್ದೆ. ನಗ್ತಾ ಇದ್ದ ದಿನ ಯಾಕೆ ಬರ್ಲಿ? ಅವರು ಒಳ್ಳೆಯವರು ಅಂತ ನಾನು ಹೇಳ್ತಿಲ್ಲ. ಒಂದೊಂದು ಸಲ ತುಂಬ ಕೆಟ್ಟೋರು. ಈ ಕೈ ಇವತ್ತಿಗೂ ಮಳೆ ಬಂದ್ರೆ ನೋಯುತ್ತೆ. ಆದ್ರೆ ಮಗು ಹೋದ ಮೇಲೆ ಆ ಮನೇಲಿ ಅದರ ಹೆಸರು ಹಿಡಿದು ಅಳೋಕೆ ನನಗೆ ಇದ್ದದ್ದು ಅವರೊಬ್ಬರೇ. ಅದನ್ನ ನೀನು ಯಾವ ಸಾಲಿಗೆ ಹಾಕ್ತೀಯ?"

"ಅರ್ಜಿ ಹಾಕಿ ಭಾವನನ್ನ ಮೇಲಕ್ಕೆ ಬದಲಾಯಿಸೋಣ" ಅಂದ ಅವನು. "ನಾನೇ ತೋಡ್ತೀನಿ, ನಾನೇ ಸಾಗಿಸ್ತೀನಿ."

"ಮತ್ತೆ ನೀನೇ!" ಅಂದಳು. "ಇಟ್ಟ ಕಡೆ ಇರ್ಲಿ. ನನ್ನನ್ನೂ ಇಲ್ಲೇ ಇಡು. ಆ ಮೇಲಿನ ಜಾಗ ನೀನೇ ಇಟ್ಕೋ. ಒಳ್ಳೆಯವರ ಮಧ್ಯೆ ಮಲಗೋ ಆಸೆ ನಿನಗೆ ತಾನೆ?"

ಅವಳು ಎದ್ದು ಹೋದ ಮೇಲೆ ಜಾಗದಣ್ಣ ಅಲ್ಲೇ ಕೂತ, ಕೆಸರಿನಲ್ಲಿ, ಚೀಲವೂ ಇಲ್ಲದೆ. ಇಷ್ಟು ವರ್ಷ ಕಾದಿಟ್ಟ ನ್ಯಾಯ ಕಡೆಗೆ ಬಂದು ಬಿದ್ದದ್ದು ಅವಳ ಮೇಲೆ. ಯಾರನ್ನು ಕಾಪಾಡಲು ಹೊರಟಿದ್ದನೋ ಅವಳೇ ಈ ನೀರಿಗೆ ಇಳಿಯಲು ಹೊರಟಿದ್ದಳು. ಅವನು ಅತ್ತ. ಯಾರಿಗಾಗಿ ಅಂತ ಕೇಳಿದರೆ ಅದನ್ನೂ ಹೇಳಲಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಗುದ್ದಲಿ, ಸಲಿಕೆ, ಹಾರೆ ತೆಗೆದುಕೊಂಡು ಗೋಡೆಯ ಬುಡಕ್ಕೆ ಹೋದ. ಕಾರ್ಖಾನೆಯ ನೀರು ಸಮಾಧಿಗಳ ಕಡೆ ಬಾರದೆ ನೇರವಾಗಿ ಬೀದಿಯ ಚರಂಡಿ ಸೇರುವಂತೆ ಒಂದು ಕಾಲುವೆ ತೋಡುವುದು ಅವನ ಯೋಚನೆ. ಅರವತ್ತು ಹೆಜ್ಜೆ ಉದ್ದ, ಮೂರಡಿ ಆಳ. ಭಾವನ ಮೂಲೆಯಿಂದ ಶುರು ಮಾಡೋಣ ಅಂದುಕೊಂಡ, ಮೊದಲು ಒಣಗುವುದು ಅವನ ಜಾಗವಾಗಲಿ ಅಂತ. ತಕ್ಷಣ ಗುದ್ದಲಿ ಕೆಳಗಿಟ್ಟ. ಸುಳ್ಳುಸಾಕ್ಷಿಯವನು ಯಾಕೆ ಕಡೆಗೆ? ಮತ್ತೆ ಸಾಲು ಮಾಡುತ್ತಿದ್ದೇನಲ್ಲ ಅಂತ ತನ್ನ ಮೇಲೇ ರೇಗಿತು. ಹೀಗೆ ಅರ್ಧ ಗಂಟೆ ನಿಂತ. ಬ್ರೆಡ್ಡಿನ ಅಂಗಡಿಯವಳು ಗೇಟಿನಿಂದ ಇಣುಕಿ, "ಯಾರು ಹೋದ್ರು ಜಾಗದಣ್ಣ?" ಅಂತ ಕೇಳಿದಳು. "ಯಾರೂ ಇಲ್ಲ" ಅಂದ. ಕಡೆಗೆ ನೀರಿನ ಇಳಿಜಾರು ಎಲ್ಲಿದೆಯೋ ಅಲ್ಲಿಂದ ಶುರು ಮಾಡಿದ. ನೀರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಅದು ತನ್ನ ದಾರಿ ಹಿಡಿದು ಹೋಗುತ್ತಿತ್ತು.

ಐದು ದಿನ ತೋಡಿದ. ಅಂಗೈಯ ಹಳೆಯ ಗಂಟುಗಳ ಮೇಲೆ ಹೊಸ ಬೊಬ್ಬೆ ಎದ್ದವು. ಶನಿವಾರ ತಂಗಿ ಬಂದಾಗ ಅವನು ಸೊಂಟದವರೆಗೆ ಕಾಲುವೆಯಲ್ಲಿದ್ದ. ಅವಳು ಚೀಲ ಹಾಸಿ ಕೂತಳು. ಒಂದಷ್ಟು ಹೊತ್ತು ನೋಡಿ, "ಅಲ್ಲಿ ಸೊಟ್ಟ ಬಂದಿದೆ" ಅಂದಳು. ಅವನು ಸೊಟ್ಟ ತಿದ್ದಿದ. ಆಮೇಲೆ ತಲೆ ಎತ್ತದೆ ಕೇಳಿದ.

"ಪುಟ್ಟಿ, ನನ್ನ ಕ್ಷಮಿಸಿದ್ಯಾ?"

ಸಾವಿನ ಮನೆಯವರು ಎಷ್ಟೋ ಮಂದಿ ಅವನ ಸರಳಿನ ಮುಂದೆ ಹೀಗೆ ಉಸಿರು ಹಿಡಿದು ನಿಂತಿದ್ದರು. ಈಗ ನಿಲ್ಲುವ ಸರದಿ ಅವನದು.

"ದೇವರು ಕ್ಷಮಿಸ್ತಾನೆ ಅಂತಾರೆ ಅಯ್ಯನವರು. ಕ್ಷಮಿಸಿರ್ತಾನೆ, ಅದು ಅವನ ಕೆಲಸ. ನಾನು ದೇವರಲ್ಲ ಅಣ್ಣ. ನನಗಿನ್ನೂ ಸಿಟ್ಟಿದೆ."

"ಎಷ್ಟು ದಿನ ಇರುತ್ತೆ?"

"ನನಗೇನು ಗೊತ್ತು?"

ಅವಳು ಏಳಲು ಹೊರಟಳು. ಮಂಡಿ ಹಿಡಿದುಕೊಂಡಿತು. ಜಾಗದಣ್ಣ ಕಾಲುವೆಯೊಳಗಿನಿಂದ ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ಮಣ್ಣಿನಲ್ಲಿ ನೆಟ್ಟಿದ್ದ ಸಲಿಕೆಯ ಹಿಡಿಯನ್ನು ಹಿಡಿದುಕೊಂಡು ಎದ್ದಳು, ಒಂದೊಂದೇ ಹೆಜ್ಜೆ ಇಟ್ಟು ಮೇಲಕ್ಕೆ ಹೊರಟಳು.